ಮೆಲ್ಲಿಟಸ್, ಇನ್ಸಿಪಿಡಸ್ ಕಲಸಿಹೋಗ್ತಿದೆ, ನೀವು ಹೇಗೆ ಕಲಿತಿರಿ?

ಪ್ರಶ್ನೆ: ನಾನು ನರ್ಸಿಂಗ್ ಮೊದಲ ವರ್ಷ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಡಯಾಬಿಟಿಸ್ ಮೆಲ್ಲಿಟಸ್ (ಸಕ್ಕರೆ ಕಾಯಿಲೆ), ಡಯಾಬಿಟಿಸ್ ಇನ್ಸಿಪಿಡಸ್ ಎರಡೂ ಕಲಸಿಹೋಗುತ್ತವೆ. ಬಾಯಿಪಾಠ ಮಾಡಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ. ಏನು ಮಾಡಲಿ?

ಉತ್ತರ 1 (ಸ್ಟಾಫ್ ನರ್ಸ್): ಬಾಯಿಪಾಠ ಬಿಡಿ ತಂಗಿ, ಹೆಸರು ಹುಟ್ಟಿದ ಕಥೆ ಹಿಡಿಯಿರಿ. ನನಗೆ ಉಳಿದದ್ದು ಹಾಗೆ ಕಲಿತದ್ದೇ. ‘ಡಯಾಬಿಟಿಸ್’ ಗ್ರೀಕ್ ಪದ: ‘ಡಯಾ’ ಅಂದರೆ ಮೂಲಕ, ‘ಬೈನೈನ್’ ಅಂದರೆ ಹೋಗು. ಕುಡಿದ ನೀರು ಮೈಯಲ್ಲಿ ನಿಲ್ಲದೆ ದಾಟಿ ಹೋಗುವುದು. ಡ್ರಮ್ಮಿಗೆ ಪೈಪ್ ಹಾಕಿ ನೀರು ಎಳೆಯುತ್ತೇವಲ್ಲ, ಆ ಸೈಫನ್‌ಗೂ ಇದೇ ಹೆಸರಿತ್ತು. ಸುಮಾರು 2ನೇ ಶತಮಾನದಲ್ಲಿ, ಈಗಿನ ಟರ್ಕಿಗೆ ಸೇರಿದ ಕಪ್ಪಡೋಸಿಯದ ಅರೆಟೇಯಸ್ ಎಂಬ ವೈದ್ಯ, ಮೈಯ ಮಾಂಸವೇ ಕರಗಿ ಮೂತ್ರವಾಗಿ ಹೋಗುವ ಕಾಯಿಲೆ ಎಂದು ಬರೆದ. ಇನ್ಸುಲಿನ್ ಇಲ್ಲದ ಕಾಲ. ರೋಗಿಗಳು ಕಣ್ಣೆದುರೇ ಸಣಕಲಾಗಿ ಸಾಯುತ್ತಿದ್ದರು. ಅದನ್ನು ಓದಿದ ಮೇಲೆ ಆ ಪದ ನನಗೆ ಮರೆತೇ ಇಲ್ಲ.

‘ಮೆಲ್ಲಿಟಸ್’ ಲ್ಯಾಟಿನ್, ಜೇನಿನಂಥ ಸಿಹಿ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 17ನೇ ಶತಮಾನದಲ್ಲಿ ಈ ರೋಗಿಗಳ ಮೂತ್ರ ಸಿಹಿ ಎಂದು ಬರೆದ. 1776ರಲ್ಲಿ ವೈದ್ಯ ಮ್ಯಾಥ್ಯೂ ಡಾಬ್ಸನ್ ಆ ಸಿಹಿ ಸಕ್ಕರೆಯದೇ ಎಂದು ತೋರಿಸಿದ. ನಮ್ಮ ಆಯುರ್ವೇದದವರು ಅದಕ್ಕೂ ಎಷ್ಟೋ ಮೊದಲೇ ಮಧುಮೇಹ ಎಂದಿದ್ದರು, ಅಲ್ವಾ? ‘ಇನ್ಸಿಪಿಡಸ್’ ಅಂದರೆ ಸಪ್ಪೆ. ಇದರಲ್ಲೂ ಮೂತ್ರ ಜಾಸ್ತಿ, ಆದರೆ ಸಕ್ಕರೆ ಇಲ್ಲ.

ಉತ್ತರ 2 (ಎರಡನೇ ವರ್ಷ): ನಾನು ಪದ ಒಡೆದು ಓದುತ್ತೇನೆ. ‘ಪಾಲಿ’ ಅಂದರೆ ಬಹಳ. ಪಾಲಿಯೂರಿಯಾ ಬಹಳ ಮೂತ್ರ, ಪಾಲಿಡಿಪ್ಸಿಯಾ ಬಹಳ ಬಾಯಾರಿಕೆ, ಪಾಲಿಫೇಜಿಯಾ ಬಹಳ ಹಸಿವು. ಒಂದು ತುಂಡು ಕಲಿತರೆ ಮೂರು ಪದ ಬಂತು.

ಉತ್ತರ 3 (ಎಂಡೋಕ್ರೈನ್, ಅಂದರೆ ಹಾರ್ಮೋನ್ ಕಾಯಿಲೆಗಳ ವಾರ್ಡ್‌ನವರು): ಇದನ್ನು ಪರೀಕ್ಷೆಗಷ್ಟೇ ಅಂದುಕೊಳ್ಳಬೇಡಿ. ಇನ್ಸಿಪಿಡಸ್‌ನಲ್ಲಿ ತೊಂದರೆ ಇರುವುದು ಮೈಯಲ್ಲಿ ನೀರು ಉಳಿಸುವ ವಾಸೊಪ್ರೆಸಿನ್ ಹಾರ್ಮೋನಿನದು. ಒಂದೋ ಅದು ಸಾಲದು, ಇಲ್ಲವೇ ಕಿಡ್ನಿ ಅದಕ್ಕೆ ಸ್ಪಂದಿಸುವುದಿಲ್ಲ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ನೋಡಿ ಸಕ್ಕರೆ ಕಾಯಿಲೆ ಎಂದುಕೊಂಡು, ಆ ಹಾರ್ಮೋನಿನ ಬದಲು ಕೊಡುವ ಔಷಧಿ ಡೆಸ್ಮೋಪ್ರೆಸಿನ್ ಕೊಡದೆ ರೋಗಿಗಳು ಸತ್ತದ್ದೂ ಇದೆ. ಅದಕ್ಕೇ 2022ರಲ್ಲಿ ತಜ್ಞರು ಹೊಸ ಹೆಸರು ಸೂಚಿಸಿದರು: ಹಾರ್ಮೋನ್ ಸಾಲದಿದ್ದರೆ ಆರ್ಜಿನೈನ್ ವಾಸೊಪ್ರೆಸಿನ್ ಡಿಫಿಷಿಯೆನ್ಸಿ (ಕೊರತೆ), ಕಿಡ್ನಿ ಸ್ಪಂದಿಸದಿದ್ದರೆ ಆರ್ಜಿನೈನ್ ವಾಸೊಪ್ರೆಸಿನ್ ರೆಸಿಸ್ಟೆನ್ಸ್. ಹಳೆಯದು, ಹೊಸದು ಎರಡನ್ನೂ ಬರೆದಿಟ್ಟುಕೊಳ್ಳಿ. ಫೈಲಿನಲ್ಲಿ ಬರೀ ‘ಡಿಐ’ (ಡಯಾಬಿಟಿಸ್ ಇನ್ಸಿಪಿಡಸ್) ಎಂದಿದ್ದರೆ ಸುಮ್ನೆ ಊಹಿಸಬೇಡಿ, ಡ್ಯೂಟಿ ಡಾಕ್ಟರನ್ನು ಕೇಳಿ.