ಹಸ್ತಾ ಮಳಿ ಬರೂದ್ರಾಗ ಮನಿ ಮುಂದ ಏನೇನ್ ತಯಾರಿ ಮಾಡ್ಕೋಬೇಕ್ರಿ? (ಕಲಬುರಗಿ)

ಕೆಳಗಿನ_ಓಣಿ:
ನಮಸ್ಕಾರ್ರಿ ಎಲ್ಲಾರಿಗೂ. ಸೇಡಂ ರೋಡ್ ಕಡಿ ಗ್ರೌಂಡ್ ಫ್ಲೋರ್ ಮನಿ ಬಾಡಿಗಿ ಹಿಡದು ಎಂಟ್ ತಿಂಗಳಾತು, ಮಳಿ ಇಲ್ಲದ ದಿನದಾಗ ನೋಡಿದಾಗ ಭಾಳ ಚೊಲೋ ಕಂಡಿತ್ತು, ಈಗ ಬಾಜೂ ಮನಿ ಅಜ್ಜಿ ಹೇಳ್ತಾರ, ದೊಡ್ಡ ಮಳಿ ಹಿಡೀತಂದ್ರ ಇಲ್ಲಿ ಮೊಣಕಾಲ್ ಮಟ ನೀರ್ ನಿಂದರ್ತಾವ ಅಂತ. ಹೋದ ವಾರ ಒಂದೇ ತಾಸಿನ ಮಳಿಗಿ ಎರಡ್ನೇ ಮೆಟ್ಟಲಕ್ಕ ನೀರ್ ಬಂದಿದ್ದವು, ಬಚ್ಚಲದ ತೂತಿನಾಗ ಬುಡುಬುಡು ಸಪ್ಪಳ ಬ್ಯಾರೆ. ಮನ್ಯಾಗ ಅತ್ತಿ ಅದಾರ, ಸಣ್ಣ ಕೂಸದ. ಮಾಲಕ್ರು ಹೈದ್ರಾಬಾದ್‌ನಾಗ, ಫೋನ್ ಎತ್ತಿದ್ರ ಎತ್ತಿದ್ರು. ದಸರಾಕ್ಕಿಂತ ಮೊದಲ ನಾವ್ ಏನ್ ಮಾಡ್ಕೋಬೇಕ್ರಿ?

ಫರ್ಸಿ_ಕಾಕಾ:
ತಂಗಿ, ಮುಂದಿನ ಮಳಿಗಿ ಛತ್ರಿ ಹಿಡಕೊಂಡು ಬಾಗಿಲ್ದಾಗ ನಿಂತು ನೀರ್ ಎಲ್ಲಿಂದ ಬರ್ತಾವ, ಎಲ್ಲಿ ತಡೀತಾವ ನೋಡು. ಹತ್ತರಾಗ ಎಂಟ್ ಓಣ್ಯಾಗ ಉತ್ತರ ಒಂದೇ, ಫರ್ಸಿ, ಅಂದ್ರ ಗಟಾರದ ಮ್ಯಾಲ ಹಾಸಿದ ಚಪ್ಪಡಿ ಕಲ್ಲು. ನಮ್ಮೂರಾಗ ಶಹಾಬಾದ್ ಕಲ್ಲು ಸೋವಿ, ಅದಕ್ಕ ಎಲ್ಲಾರೂ ಮನಿ ಮುಂದಿನ ಗಟಾರಕ್ಕ ಫರ್ಸಿ ಹಾಕಿ ಮ್ಯಾಲ ಸಿಮೆಂಟ್ ಬಳದು ಗಾಡಿ ಹಚ್ಚಲಿಕ್ಕೆ ಇಳಿಜಾರ್ ಮಾಡ್ಯಾರ, ಕೆಲವ್ರಂತೂ ಅದರ ಮ್ಯಾಲೇ ತುಳಸಿ ಕಟ್ಟಿ ಕಟ್ಯಾರ. ಗಟಾರ ತೆಗಿಯೋರು ಬಂದ್ರ ಸಲಿಕಿ ಎಲ್ಲಿ ಇಳಸಬೇಕು? ಒಳಗ ಹೂಳು, ಹಾಲಿನ ಪಾಕೀಟು, ಗುಟಕಾ ಚೀಟಿ ಗಚ್ಚಾಗಿ ಕುಂತಿರ್ತಾವ. ನಮ್ಮ ಓಣ್ಯಾಗ ಒಂದ್ ಕಡಿ ಎತ್ತಿ ನೋಡಿದ್ವಿ, ಎರಡ್ ಅಡಿ ಗಟಾರದಾಗ ನೀರಿಗಿ ಉಳದಿದ್ದು ಒಂದ್ ಗೇಣ್ ಜಾಗ! ಪ್ರತಿ ಮನಿಗಿ ಒಂದ್ ಫರ್ಸಿ ಸಿಮೆಂಟ್ ಇಲ್ಲದಂಗ ಸಡಲ್ ಬಿಟ್ರ ಸಾಕು, ಹಾರಿ ಹಾಕಿ ಎತ್ತಬಹುದು. ತೆಗದ ಹೂಳು ದಂಡಿಗೆ ಬಿಡಬ್ಯಾಡ್ರಿ, ಮೊದಲ್ನೇ ಮಳಿಗೇ ವಾಪಸ್ ಒಳಗ ಹೋಗ್ತದ.

ಇನ್ನೊಂದು, ಮಾಳಗಿ ನೀರಿನ ಲೆಕ್ಕ ಯಾರೂ ಹಾಕಂಗಿಲ್ಲ. 30×40 ಮಾಳಗಿ ಮ್ಯಾಲ 100 ಮಿ.ಮೀ. ಬಿತ್ತಂದ್ರ 11,000 ಲೀಟರ್ ಆತು, ಅಂದ್ರ ಎರಡ್ ಟ್ಯಾಂಕರ್. ಓಣ್ಯಾಗ ನಲವತ್ ಮನಿ ಇದ್ರ ಎಂಬತ್ ಟ್ಯಾಂಕರ್ ನಾವೇ ಪೈಪ್ ಹಚ್ಚಿ ರಸ್ತಾಕ್ಕ ಬಿಡ್ತೀವಿ, ಆಮ್ಯಾಲ ನೀರ್ ಎಲ್ಲಿಂದ ಬಂದ್ವು ಅಂತೀವಿ. ಎರಿ ಮಣ್ಣು ಬ್ಯಾರೆ, ಬ್ಯಾಸಗ್ಯಾಗ ಬಿರುಕ್ ಬಿಡ್ತದ, ನೆನದು ಉಬ್ಬಿತಂದ್ರ ನೀರ್ ಕುಡಿಯಂಗಿಲ್ಲ. ಸಂಪ್ ಇದ್ರ ಮಾಳಗಿ ಪೈಪ್ ಅದಕ್ಕ ಕೊಡ್ರಿ, ಆದ್ರ ಮೊದಲ್ನೇ ಹೊಲಸ್ ನೀರ್ ಹೊರಗ ಬಿಟ್ಟು ಆಮ್ಯಾಲ.

ವೈರ್_ಮನುಷ್ಯ:
ಕಾಕಾ ಹೇಳಿದ್ದು ಖರೇ ಆದ್ರ ಮೊದಲ ಕರೆಂಟ್ ನೋಡ್ರಿ, ಜೀವದ ಮಾತದು. ಇನ್ವರ್ಟರ್ ಬ್ಯಾಟರಿ ನೆಲದ ಮ್ಯಾಲ ಇದ್ರ ಇವತ್ತೇ ಸ್ಟ್ಯಾಂಡಿಗೆ ಏರಿಸ್ರಿ, ಫ್ರಿಜ್ ಕೆಳಗ ನಾಕ್ ಇಟ್ಟಂಗಿ ಇಡ್ರಿ. ನೀರ್ ಒಳಗ ಬರೂ ಮೊದಲ ಮೇನ್ ಬಂದ್, ಬಂದ ಮ್ಯಾಲ ಒದ್ದಿ ಕಾಲಾಗ ಬೋರ್ಡ್ ಹತ್ರ ಹೋಗಬ್ಯಾಡ್ರಿ. ಓಣಿ ಕಂಬಕ್ಕ, ಟಿಸಿ (ಟ್ರಾನ್ಸ್‌ಫಾರ್ಮರ್) ಬೇಲಿಗಿ ಕೈ ಹಚ್ಚಬ್ಯಾಡ್ರಿ, ವೈರ್ ಬಿದ್ದಿದ್ರ ಕರೆಂಟ್ ಕಂಪನಿ ಜೆಸ್ಕಾಂಗೆ 1912ಕ್ಕ ಫೋನ್ ಮಾಡ್ರಿ. ನಾ ಒಂದ್ ಸಲ ಅಂಥ ನೀರಾಗ ಇಳದು ಜುಮ್ ಅಂದಿತ್ತು, ಅವತ್ತಿಂದ ರಬ್ಬರ್ ಬೂಟ್ ಬಿಟ್ಟಿಲ್ಲ.

ಹೊಳಿ_ದಂಡಿ:
ಅಫಜಲಪುರ ಕಡಿಯಂವ ನಾ. ಇಲ್ಲಿ ಎರಡ್ ಮಾತ್ ಕೂಡಿಸಬ್ಯಾಡ್ರಿ, ಓಣ್ಯಾಗ ನಿಂದರೂ ನೀರ್ ಬ್ಯಾರೆ, ಭೀಮಾ ಹೊಳಿ ನೀರ್ ಬ್ಯಾರೆ. ನಮ್ಮಲ್ಲಿ ಹನಿ ಮಳಿ ಇರ್ಲಿಲ್ಲಂದ್ರೂ ಮಹಾರಾಷ್ಟ್ರದಾಗ ಉಜನಿ ಡ್ಯಾಮಿನ ನೀರ್ ಬಿಟ್ರಂದ್ರ ನಮ್ಮ ಕಡಿ ಭೀಮಾದ ಸೊನ್ನ ಬ್ಯಾರೇಜ್‌ಗೆ ನೀರ್ ಬಂದ್ವು ಅಂತ್ಲೇ ತಿಳ್ಕೋರಿ, 2020ಕ್ಕ ನೋಡಿವಿ, 2025ಕ್ಕೂ ನೋಡಿವಿ. ಕಲಬುರಗಿ ಶಹರಕ್ಕ ಹೊಳಿ ನುಗ್ಗಂಗಿಲ್ಲ, ಆದ್ರ ನಿಮ್ಮ ನಳದ ನೀರು ಭೀಮಾದ್ದೂ ಅದ, ಹೊಳಿ ಕೆಂಪಾದ್ರ ನಳಕ್ಕೂ ತ್ರಾಸ, ರಸ್ತಾ ತುಂಬ ನೀರಿದ್ರೂ ಕುಡಿಯಾಕ ಇರಂಗಿಲ್ಲ. ನಾಕ್ ದಿನದ ನೀರ್ ತುಂಬಿಡ್ರಿ.

ಮತ್ತ ದಸರಾ ಹೊತ್ತಿನ ದೊಡ್ಡ ಮಳಿ ಮೂಡಣ ಕಡಿಯಿಂದಾನೂ ಬರ್ತದ. 2020ರ ಅಕ್ಟೋಬರ್ 13ಕ್ಕ ಕಾಕಿನಾಡ ಹತ್ರ ದಂಡಿ ಏರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ಇತ್ಲಾಗ ಬಂತು, ಹೈದ್ರಾಬಾದ್ ಮುಳಗಿದ್ದು ಅದಕ್ಕ. ಅದಕ್ಕ ಹೈದ್ರಾಬಾದ್ ಸುದ್ದಿ ನೋಡ್ಕೋಂತ ಇರ್ರಿ. ನಿಮ್ಮ ಮಾಲಕ್ರು ಬಾಡಿಗಿ ಕೇಳಲಿಕ್ಕರೆ ಫೋನ್ ಮಾಡ್ತಾರಲ್ಲ, ಆವಾಗ ಅಲ್ಲಿ ಮಳಿ ಹೆಂಗದ ಕೇಳ್ರಿ 😄

ಟಾಕಿ_ಸೋದರಿ:
ಬುಡುಬುಡು ಅಂದದ್ದು ಯುಜಿಡಿ (ನೆಲದೊಳಗಿನ ಗಟಾರ) ನೀರು ಹಿಂದ ಬರೂದು ಅಕ್ಕಾ, ಸಣ್ಣ ಮಾತಲ್ಲ. ಪ್ಲಂಬರ್‌ಗೆ ಹೇಳಿ ಹೊರಗಿನ ಚೇಂಬರ್ ಪೈಪಿಗಿ ನೀರ್ ಹಿಂದ ಬರದಂಗ ತಡಿಯೂ ನಾನ್ ರಿಟರ್ನ್ ವಾಲ್ವ್ ಹಾಕಸ್ರಿ, ಅಲ್ಲೀ ಮಟ ಪ್ಲಾಸ್ಟಿಕ್ ಚೀಲದಾಗ ಉಸುಕು ತುಂಬಿ ಪಾಯಖಾನಿ ತೂತಿಗೂ ಬಚ್ಚಲಕ್ಕೂ ಒತ್ತಿ ಇಡ್ರಿ. ಸಂಪಿನ ಮುಚ್ಚಳ ನೆಲದ ಮಟ್ಟಕ್ಕಿದ್ರ ಸುತ್ತ ಒಂದ್ ಸಾಲ್ ಇಟ್ಟಂಗಿ ಕಟ್ಟಿಸ್ರಿ. ಹೊಲಸ್ ನೀರ್ ಒಳಗ ಹೋಯ್ತಂದ್ರ ಪೂರಾ ಖಾಲಿ ಮಾಡಿ ತಿಕ್ಕಿ ತೊಳದೇ ತುಂಬಬೇಕು. ಆಮ್ಯಾಲ 1,000 ಲೀಟರ್‌ಗೆ ಎರಡೂವರಿ ಗ್ರಾಂ ಛಲೋ ಬ್ಲೀಚಿಂಗ್ ಪೌಡರ್, ಬಕೀಟದಾಗ ಕಲಿಸಿ ಸುಣ್ಣ ಕೆಳಗ ಕುಂತ ಮ್ಯಾಲ ಮ್ಯಾಲಿನ ತಿಳಿ ನೀರಷ್ಟೇ ಹಾಕಿ ಒಂದ್ ತಾಸ್ ಬಿಡ್ರಿ. ಕೂಸಿಗಿ ಕುದಿಸಿದ್ದೇ ಕೊಡ್ರಿ.

ಫರ್ಸಿ_ಕಾಕಾ:
ಒಂದ್ ಮರತೆ. ರೈಲ್ವೆ ಹಳಿ ಕೆಳಗಿನ ಅಂಡರ್‌ಪಾಸ್‌ನಾಗ ನೀರಿದ್ರ ಗಾಡಿ ಇಳಸಬ್ಯಾಡ್ರಿ, ಮುಂದಿನಂವ ಹೋದಾ ಅಂತ ನೀವೂ ಹೋಗಬ್ಯಾಡ್ರಿ. ಹರಿಯೋ ನೀರು ಒಂದ್ ಅಡಿ ಇದ್ರ ಸಣ್ಣ ಕಾರ್ ಎತ್ತಿ ಒಯ್ತದ. ಯಾರರೆ ಸಿಕ್ಕೊಂಡಿದ್ರ 112.

ಕೆಳಗಿನ_ಓಣಿ:
ಭಾಳ ಉಪಕಾರ ಆತ್ರಿ. ಇವತ್ ಮುಂಜಾನಿ ಓಣ್ಯಾಗ ಎಣಿಸಿದೆ, ಹದಿನಾರ್ ಮನ್ಯಾಗ ಹದಿನೈದಕ್ಕ ಗಚ್ಚು ಫರ್ಸಿ. ಉಳದ ಒಂದ್ ಮನಿ ಆ ಅಜ್ಜೀದೇ, ನಾ ಕೇಳಿದ್ದಕ್ಕ "ನಾ ಅವತ್ತೇ ಹೇಳಿದ್ದೆ, ಯಾರ್ ಕೇಳ್ತಾರವ್ವ" ಅಂದ್ರು. ಬ್ಯಾಟರಿ ಏರಿಸಿ ಆತು, ಪ್ಲಂಬರ್ ನಾಳಿಗಿ ಬರ್ತಾನಂತ. ಆಯಿತವಾರ ಮೂರ್ ಮನಿಯೋರು ಫರ್ಸಿ ಎತ್ತಲಿಕ್ಕ ಒಪ್ಪ್ಯಾರ, ತುಳಸಿ ಕಟ್ಟಿಯೋರು ಇನ್ನಾ ಒಪ್ಪಿಲ್ಲ. ಕಾಕಾ, ನಿಮ್ಮ ಹಾರಿ ಒಂದ್ ದಿನಕ್ಕ ಕೊಡ್ತೀರೇನ್ರಿ?