ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ವಿನೆಗರ್‌ನಲ್ಲೇ ಗುಳ್ಳೆ ಜಾಸ್ತಿ, ಯಾಕೆ?

ಪ್ರಶ್ನೆ (ಹೈಸ್ಕೂಲ್ ವಿಜ್ಞಾನ ಶಿಕ್ಷಕಿ): ಹತ್ತನೇ ತರಗತಿಗೆ ಪ್ರಬಲ ಆಮ್ಲ, ದುರ್ಬಲ ಆಮ್ಲದ ವ್ಯತ್ಯಾಸ ತೋರಿಸಬೇಕು. ಎರಡು ಪ್ರನಾಳಗಳಿಗೆ ಒಂದೇ ಅಳತೆಯ ಮೆಗ್ನೀಷಿಯಂ ಪಟ್ಟಿ ಹಾಕಿದೆ. ವಿನೆಗರ್‌ನಲ್ಲಿ ಗುಳ್ಳೆ ಭರ್ತಿ ಬಂತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದೊಂದೇ ಗುಳ್ಳೆ. ಪಟ್ಟಿಯನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿಯೇ ಹಾಕಿದ್ದು.

ಉತ್ತರ: ಮೇಡಂ, ಎರಡೂ ಬಾಟಲಿಯ ಲೇಬಲ್ ಮೇಲೆ ಏನಿದೆ?

ಪ್ರಶ್ನೆ: ವಿನೆಗರ್ 4%. ಆಮ್ಲದ ಬಾಟಲಿ ಮೇಲೆ 0.01 ಮೊಲಾರ್ ಅಂತಿದೆ.

ಉತ್ತರ: ಸಮಸ್ಯೆ ಅಲ್ಲೇ ಇದೆ. 4% ವಿನೆಗರ್ ಅಂದ್ರೆ ಲೀಟರಿಗೆ ಸುಮಾರು 40 ಗ್ರಾಂ ಅಸಿಟಿಕ್ ಆಮ್ಲ. ಮೊಲಾರ್ ಅಂದ್ರೆ ಒಂದು ಲೀಟರಿನಲ್ಲಿ ಎಷ್ಟು ಮೋಲ್ ಇದೆ ಅನ್ನೋ ಲೆಕ್ಕ. ಅಸಿಟಿಕ್ ಆಮ್ಲದ ಒಂದು ಮೋಲ್ ಸುಮಾರು 60 ಗ್ರಾಂ, ಹಾಗಾಗಿ 60ರಿಂದ ಭಾಗಿಸಿದರೆ ಹೆಚ್ಚುಕಡಿಮೆ 0.67 ಮೊಲಾರ್. ನಿಮ್ಮ ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ಅದರ ಸಾರ ಅರವತ್ತಕ್ಕೂ ಹೆಚ್ಚು ಪಟ್ಟು. ಪ್ರಬಲ ಅನ್ನೋದು ಬೇರೆ, ಸಾರ ಜಾಸ್ತಿ ಅನ್ನೋದು ಬೇರೆ. ಮಕ್ಕಳು ಎಡವುವುದೂ ಇಲ್ಲೇ, ಹಾಗಾಗಿ ಈ ಬಾಟಲಿಗಳನ್ನೇ ಮೊದಲು ತೋರಿಸಿ.

ಆಮೇಲೆ ಎರಡನ್ನೂ 0.5 ಮೊಲಾರ್‌ಗೆ ತನ್ನಿ. 75 ಮಿಲಿ ವಿನೆಗರ್‌ಗೆ ನೀರು ಸೇರಿಸಿ 100 ಮಿಲಿ ಮಾಡಿ. ಹೈಡ್ರೋಕ್ಲೋರಿಕ್ ಆಮ್ಲ 1 ಮೊಲಾರ್ ಇದ್ದರೆ 50 ಮಿಲಿ ತೆಗೆದುಕೊಂಡು 100 ಮಿಲಿ ಮಾಡಿ. ಗಟ್ಟಿ ಆಮ್ಲದಿಂದ ಶುರು ಮಾಡುವುದಾದರೆ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಕನ್ನಡಕ, ಕೈಗವಸು ಇರಲಿ.

ಈಗ ಪಿಎಚ್ ಪೇಪರ್ ಅದ್ದಿ (ಪಿಎಚ್ ಕಡಿಮೆ ಇದ್ದಷ್ಟೂ ಆಮ್ಲೀಯತೆ ಜಾಸ್ತಿ). ಹೈಡ್ರೋಕ್ಲೋರಿಕ್ ಆಮ್ಲ 1ಕ್ಕಿಂತ ಕೆಳಗೆ, ಅಸಿಟಿಕ್ ಆಮ್ಲ 2.5ರ ಆಸುಪಾಸು. ಮೊದಲನೆಯದು ನೀರಿನಲ್ಲಿ ಪೂರ್ತಿ ಅಯಾನುಗಳಾಗಿ, ಅಂದ್ರೆ ವಿದ್ಯುದಂಶ ಇರುವ ಕಣಗಳಾಗಿ, ಒಡೆದಿರುತ್ತದೆ. ಎರಡನೆಯದರಲ್ಲಿ ಸಾವಿರ ಅಣುಗಳಿಗೆ ಸುಮಾರು ಆರು ಮಾತ್ರ ಒಡೆದಿರುತ್ತವೆ.

ಪ್ರಶ್ನೆ: ಈಗ ಸರಿಯಾಯ್ತು! ಹೈಡ್ರೋಕ್ಲೋರಿಕ್ ಆಮ್ಲ ಜೋರಾಗಿ ನೊರೆಯಿತು. ಆದರೆ ಎರಡು ಬಾಟಲಿಗಳಲ್ಲಿ 50 ಮಿಲಿ ಆಮ್ಲ, 0.1 ಗ್ರಾಂ ಪಟ್ಟಿ ಹಾಕಿ ಬಾಯಿಗೆ ಬಲೂನ್ ಕಟ್ಟಿದರೆ, ಕೊನೆಗೆ ಎರಡೂ ಬಲೂನ್ ಒಂದೇ ಗಾತ್ರ. ತಪ್ಪಾಯ್ತಾ?

ಉತ್ತರ: ಇಲ್ಲ ಮೇಡಂ, ಸರಿಯಾಗೇ ಬಂದಿದೆ. ನನ್ನ ಪ್ರಕಾರ ಈ ಪಾಠದಲ್ಲಿ ತೋರಿಸಲೇಬೇಕಾದ್ದು ಇದೇ. ಎರಡರಲ್ಲೂ ಆಮ್ಲ ಬೇಕಾದ್ದಕ್ಕಿಂತ ಜಾಸ್ತಿ ಇತ್ತು, ಲೋಹ ಪೂರ್ತಿ ಕರಗಿತು. ಹಾಗಾಗಿ ಎರಡರಲ್ಲೂ ಸುಮಾರು 100 ಮಿಲಿ ಹೈಡ್ರೋಜನ್. ಅಸಿಟಿಕ್ ಆಮ್ಲದಲ್ಲಿ ಇದ್ದ ಹೈಡ್ರೋಜನ್ ಅಯಾನು ಖರ್ಚಾದಂತೆ ಉಳಿದ ಅಣುಗಳು ಒಡೆದು ಜಾಗ ತುಂಬುತ್ತವೆ. ನಿಧಾನ ಆಗುತ್ತದೆ, ಕಡಿಮೆ ಆಗುವುದಿಲ್ಲ. ಅದಕ್ಕೇ ಬಲೂನ್ ಉಬ್ಬುವ ವೇಗವನ್ನು ಅರ್ಧ ನಿಮಿಷಕ್ಕೊಮ್ಮೆ ಮಕ್ಕಳ ಕೈಯಲ್ಲೇ ಬರೆಸಿ. ಹತ್ತಿರ ಬೆಂಕಿ ಬೇಡ.

ಪ್ರಶ್ನೆ: ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ತಟಸ್ಥ ಮಾಡಿದರೆ ವ್ಯತ್ಯಾಸ ಕಾಣುತ್ತಾ?

ಉತ್ತರ: ಅಲ್ಲೂ ಎರಡಕ್ಕೂ ಅಷ್ಟೇ ಬೇಕು, ಅದೇ ಕಾರಣಕ್ಕೆ. ಸೂಚಕ (ತಟಸ್ಥ ಆದದ್ದನ್ನು ಬಣ್ಣ ಬದಲಿಸಿ ತೋರಿಸುವ ವಸ್ತು) ಮಾತ್ರ ಫಿನಾಲ್ಫ್ತಲೀನ್ ಇರಲಿ. ಮೀಥೈಲ್ ಆರೆಂಜ್ ಹಾಕಿದರೆ ಅಸಿಟಿಕ್ ಆಮ್ಲಕ್ಕೆ ಬಣ್ಣ ತುಂಬಾ ಬೇಗ ತಿರುಗಿಬಿಡುತ್ತದೆ, ಲೆಕ್ಕ ತಪ್ಪುತ್ತದೆ.