ಗೋಡೆ ಚಿತ್ರ ನೋಡೋಕೆ ಬರೋ ಜನ: ಭಾನುವಾರದ ಮೀಟಿಂಗ್‌ಗೆ ಮುಂಚೆ ಇಲ್ಲೇ ಮಾತಾಡ್ಕೊಳ್ಳೋಣ

ಎರಡನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಮೀಟಿಂಗ್ ಇದೆ, ಅಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡಿ ಏನೂ ತೀರ್ಮಾನ ಆಗದೆ ಎದ್ದು ಹೋಗೋದು ಬೇಡ ಅಂತ ಇಲ್ಲೇ ಶುರು ಮಾಡ್ತಿದೀನಿ. ಮುಂಚೆ ಕತ್ತಲಾದ್ಮೇಲೆ ಈ ಕಡೆ ಯಾರೂ ಕಾಲಿಡ್ತಿರಲಿಲ್ಲ, ಬೀಗ ಹಾಕಿದ ಗೋಡೌನು, ಉರಿಯದ ಬೀದಿದೀಪ, ಹೀಗೇ ಇತ್ತು. ಗೋಡೆಗಳಿಗೆಲ್ಲ ಚಿತ್ರ ಬರೆಸಿದ್ಮೇಲೆ ಶನಿವಾರ ಭಾನುವಾರ ನಮ್ಮ ಮನೆ ಮೆಟ್ಟಿಲ ಮೇಲೇ ಕೂತು ಫೋಟೋ ತೆಗಿಸ್ಕೊಳ್ತಾರೆ, ಕಿಟಕಿಯೊಳಗೆ ಇಣುಕ್ತಾರೆ, ರಾತ್ರಿ ಹೊತ್ತು ಟ್ರಾಲಿ ಬ್ಯಾಗ್ ಎಳೆಯೋ ಸದ್ದು. ನಮ್ಮತ್ತೆಗೆ ನಿದ್ದೆ ಇಲ್ಲ. ಅರ್ಜಿ ಕೊಡೋದಾದ್ರೆ ಏನು ಕೇಳ್ಬೇಕು, ಯಾರನ್ನ ಕೇಳ್ಬೇಕು, ನಿಮ್ಮ ನಿಮ್ಮ ಅಭಿಪ್ರಾಯ ಬರೀರಿ.

ಮೊದಲನೇ ಕ್ರಾಸ್, ನೀಲಿ ಗೇಟ್:
ಅಕ್ಕ, ಮೀಟಿಂಗೇ ಬೇಡ. ಚಿತ್ರ ಇದ್ರೆ ತಾನೇ ಬರೋದು? ಒಂದು ರಾತ್ರಿ ಕೂತು ಬಿಳಿ ಬಣ್ಣ ಬಳಿದುಬಿಡೋಣ. ಬಣ್ಣದ ಖರ್ಚು ನಂದು.

ಮೆಟ್ಟಿಲ ಬೀದಿ, ಮೇಲ್ಮನೆ ಬಾಡಿಗೆಯವರು:
ಅಣ್ಣ ದಯವಿಟ್ಟು ಬೇಡ. ದಕ್ಷಿಣ ಕೊರಿಯಾದ ಸಿಯೋಲ್‌ನ ಇಹ್ವಾ ಅನ್ನೋ ಕಡೆ ಇದೇ ಆಯ್ತು. ಗುಡ್ಡದ ಮೇಲಿನ ಹಳೇ ಬಡವರ ಕೇರಿ ಅದು, 2006ರಲ್ಲಿ ಸರ್ಕಾರದ ಯೋಜನೇಲಿ ಮೆಟ್ಟಿಲು, ಗೋಡೆ ಎಲ್ಲಾ ಚಿತ್ರ ಬಿಡಿಸಿದ್ರು, ಟಿವೀಲಿ ಬಂತು, ಜನ ನುಗ್ಗಿದ್ರು. ಕೊನೆಗೆ 2016ರಲ್ಲಿ ಅಲ್ಲಿನ ಕೆಲವರು ರೋಸಿಹೋಗಿ ಹೂವಿನ ಮೆಟ್ಟಿಲು, ಮೀನಿನ ಮೆಟ್ಟಿಲು ಅಳಿಸಿಹಾಕಿದ್ರು. ಅಳಿಸಿದೋರ ಮೇಲೆನೇ ಕೇಸ್ ಬಿತ್ತು. ಲಾಭ ಅಂಗಡಿ ಇರೋರಿಗೆ, ಗಲಾಟೆ ಬರೀ ಮನೆ ಇರೋರಿಗೆ ಅಂತ ಒಂದೇ ಬೀದಿಯೋರು ಎರಡು ಪಾಲಾದ್ರು. ನನಗೆ ಭಯ ಇರೋದು ಅದೇ, ಚಿತ್ರದ ಬಗ್ಗೆ ಅಲ್ಲ.

ಎರಡನೇ ಕ್ರಾಸ್, ಮೂಲೆ ಮನೆ:
ಹಾಗಾದ್ರೆ ದಾರಿ ಏನು? ಬೋರ್ಡ್ ಹಾಕಿ ಆಯ್ತಲ್ಲ, ನಿಶ್ಶಬ್ದವಾಗಿರಿ ಅಂತ. ಆ ಬೋರ್ಡ್ ಮುಂದೇನೇ ನಿಂತು ರೀಲ್ಸ್ ಮಾಡ್ತಾರೆ.

ಗೋಡೌನ್ ರಸ್ತೆ, ಹಿರಿಯರು:
ಬರೀ ಬೋರ್ಡ್ ಸಾಲಲ್ಲಮ್ಮ. ಅದೇ ಸಿಯೋಲ್‌ನಲ್ಲಿ ಬುಕ್‌ಚೊನ್ ಅಂತ ಹಳೇ ಮನೆಗಳ ಬಡಾವಣೆ ಇದೆ, ಅಲ್ಲೂ 2018ರಲ್ಲಿ ಮೊದಲು ಬರೀ ಮನವಿನೇ ಮಾಡಿದ್ರು, ಇಷ್ಟು ಹೊತ್ತಿಂದ ಇಷ್ಟು ಹೊತ್ತಿಗೆ ಬನ್ನಿ ಅಂತ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 2024ರ ನವೆಂಬರ್‌ನಿಂದ ಜನಸಂದಣಿ ಜಾಸ್ತಿ ಇರೋ ಭಾಗಕ್ಕೆ ಸಂಜೆ 5ರಿಂದ ಬೆಳಗ್ಗೆ 10ರವರೆಗೆ ಪ್ರವಾಸಿಗಳು ಬರಬಾರದು ಅಂತ ನಿಯಮ ಮಾಡಿದ್ರು, 2025ರ ಮಾರ್ಚ್‌ನಿಂದ ತಪ್ಪಿದೋರಿಗೆ ಒಂದು ಲಕ್ಷ ವಾನ್ (ಅಲ್ಲಿನ ದುಡ್ಡು) ದಂಡ. ಅಲ್ಲಿ ವಾಸ ಇರೋರಿಗೆ, ಅವರ ನೆಂಟರಿಗೆ, ಅಂಗಡಿಯೋರಿಗೆ ತಡೆ ಇಲ್ಲ. ಆರು ವರ್ಷ ಸುಮ್ಮನೆ ಹೋಯ್ತು ನೋಡಿ. ನಾವು ಮೊದಲ ದಿನವೇ ಬರೋ ಹೊತ್ತು ಗೊತ್ತು ಮಾಡಿ ಅಂತ ಕೇಳ್ಬೇಕು, ನೋಡ್ಕೊಳ್ಳೋಕೆ ಮನುಷ್ಯರನ್ನೂ ಕೇಳ್ಬೇಕು.

ಮೊದಲನೇ ಕ್ರಾಸ್, ನೀಲಿ ಗೇಟ್:
ಸರಿ ಸರ್, ಇದು ಒಪ್ತೀನಿ. ಬಣ್ಣದ ಮಾತು ಬಿಟ್ಟೆ.

ಮೆಟ್ಟಿಲ ಬೀದಿ, ಮೇಲ್ಮನೆ ಬಾಡಿಗೆಯವರು:
ಹೊತ್ತು ಸರಿ, ಆದ್ರೆ ಅಷ್ಟಕ್ಕೇ ನಿಲ್ಲಿಸಿದ್ರೆ ನಮ್ಮಂಥೋರು ಉಳಿಯಲ್ಲ. ಗಲಾಟೆ ಸಹಿಸ್ಕೋಬಹುದು, ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು? ನನ್ನ ಪಕ್ಕದ ಎರಡೂ ಮನೆ ಈಗ ದಿನಬಾಡಿಗೆ ಆಗಿವೆ, ವಾರಕ್ಕೊಂದು ಹೊಸ ಮುಖ, ಮಕ್ಕಳನ್ನ ಒಂದು ಗಂಟೆ ಬಿಟ್ಟು ಹೋಗೋಕೆ ನಂಬಿಕೆಯ ಒಂದು ಮನೆ ಇಲ್ಲ. ಕೂಲಿ ಮಾಡೋರ ಬೀದಿಗಳಿಗೆ ದುಡ್ಡಿರೋರು ಬಂದು ಹಳಬರು ಖಾಲಿಯಾಗೋದನ್ನ ಲಂಡನ್‌ನಲ್ಲಿ ರೂತ್ ಗ್ಲಾಸ್ ಅನ್ನೋ ಸಮಾಜಶಾಸ್ತ್ರಜ್ಞೆ 1964ರಲ್ಲೇ ಬರೆದಿದ್ರು, ಜೆಂಟ್ರಿಫಿಕೇಶನ್ ಅನ್ನೋ ಹೆಸರು ಕೊಟ್ಟಿದ್ದೂ ಅವರೇ. ಅವತ್ತಿಂದ ಎಷ್ಟು ಊರಲ್ಲಿ ನಡೀತು! ಮೊದಲು ಕಡಿಮೆ ಬಾಡಿಗೆ ಅಂತ ಕಲಾವಿದರು, ಆಮೇಲೆ ಕೆಫೆ, ಆಮೇಲೆ ದೊಡ್ಡ ಬ್ರಾಂಡು, ಕೊನೆಗೆ ಆ ಕಲಾವಿದರಿಗೂ ಜಾಗ ಇಲ್ಲ.

ಮೊದಲನೇ ಕ್ರಾಸ್, ಎರಡಂತಸ್ತಿನ ಮನೆ ಮಾಲೀಕರು:
ದಿನಬಾಡಿಗೆ ಕೊಟ್ಟಿರೋರಲ್ಲಿ ನಾನೂ ಒಬ್ಬ, ಮುಚ್ಚುಮರೆ ಇಲ್ಲ. ಈ ಬೀದೀಲಿ ಮನೆ ಇದೆ ಅಂದ್ರೆ ಬ್ಯಾಂಕಿನೋರು ಸಾಲ ಕೊಡ್ತಿರಲಿಲ್ಲ, ಬಾಡಿಗೆಗೆ ಯಾರೂ ಸಿಗದೆ ವರ್ಷಗಟ್ಟಲೆ ಖಾಲಿ ಬಿಟ್ಟಿದೀನಿ, ಸೋರೋ ತಾರಸಿ ರಿಪೇರಿ ಮಾಡಿಸಿದ್ದೇ ಈ ದುಡ್ಡಲ್ಲಿ. ಈಗ ಸ್ವಲ್ಪ ಬೆಲೆ ಬಂದಿದೆ, ಬಿಡಿ ಅಂದ್ರೆ ಹೆಂಗೆ?

ಗೋಡೌನ್ ರಸ್ತೆ, ಹಿರಿಯರು:
ನಿಮ್ಮ ಮಾತಲ್ಲೂ ನ್ಯಾಯ ಇದೆಯಪ್ಪ. ಪೂರ್ತಿ ಬಿಡಿ ಅಂತ ಯಾರೂ ಅನ್ನಲ್ಲ. ನ್ಯೂಯಾರ್ಕ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಮನೆಯನ್ನ 30 ದಿನಕ್ಕಿಂತ ಕಡಿಮೆಗೆ ಕೊಡೋರು ನೋಂದಾಯಿಸ್ಕೋಬೇಕು, ಮನೆಯೋರು ಅಲ್ಲೇ ಇರ್ಬೇಕು, ಇಬ್ಬರಿಗಿಂತ ಜಾಸ್ತಿ ಅತಿಥಿ ಇರಂಗಿಲ್ಲ. ಅಂದ್ರೆ ನೀವು ಕೆಳಗಿದ್ದು ಒಂದು ರೂಮ್ ಕೊಟ್ರೆ ನಡೆಯುತ್ತೆ, ಇಡೀ ಮನೆಗೆ ಕೀ ಬಾಕ್ಸ್ ಹಾಕಿ ಬೇರೆ ಕಡೆ ಕೂತಿರೋದು ನಡೆಯಲ್ಲ. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿದೆ, ಪ್ರವಾಸಿಗಳಿಗೆ ಕೊಡೋ 10,101 ಫ್ಲ್ಯಾಟ್‌ಗಳ ಲೈಸೆನ್ಸ್ 2028ರ ನವೆಂಬರ್ ಒಳಗೆ ನಿಲ್ಲಿಸ್ತೀವಿ ಅಂತ 2024ರಲ್ಲೇ ಹೇಳಿದೆ. ನಮಗೆ ಮೊದಲನೇದು ಸಾಕು ಅನ್ಸುತ್ತೆ.

ಮೊದಲನೇ ಕ್ರಾಸ್, ಎರಡಂತಸ್ತಿನ ಮನೆ ಮಾಲೀಕರು:
ನಾನಿರೋ ಮನೇಲೇ ರೂಮ್ ಕೊಡಬಹುದು ಅಂದ್ರೆ ನಾನು ವಿರೋಧ ಮಾಡಲ್ಲ. ದಿನಬಾಡಿಗೆಗೆ ಕೊಟ್ಟಿರೋ ಹಿಂಭಾಗದ ಮನೆ ಬಗ್ಗೆ ಯೋಚನೆ ಮಾಡ್ಬೇಕು, ಭಾನುವಾರ ಹೇಳ್ತೀನಿ.

ಗೋಡೌನ್ ರಸ್ತೆ, ಕೆಫೆ ನಡೆಸೋರು:
ನಾನು ಮಾತಾಡೋದು ಕೆಲವರಿಗೆ ಇಷ್ಟ ಆಗದೆ ಇರಬಹುದು, ಆದ್ರೂ ಕೇಳಿ. ಈ ಕಟ್ಟಡ ನಂದಲ್ಲ. ಜನ ಬರೋದು ಜಾಸ್ತಿ ಆದಷ್ಟೂ ಮಾಲೀಕರು ಬಾಡಿಗೆ ಏರಿಸ್ತಿದಾರೆ, ಮುಂದಿನ ಕರಾರಿಗೆ ಕೇಳಿರೋ ಮೊತ್ತ ನೋಡಿದ್ರೆ ನಾನೂ ಬಿಟ್ಟು ಹೋಗ್ಬೇಕು, ಆಗ ನನ್ನ ಜಾಗಕ್ಕೆ ಬರೋರು ನಿಮ್ಮ ಗುಂಪಿಗೂ ಸೇರಲ್ಲ, ರಾತ್ರಿ ಮ್ಯೂಸಿಕ್ ಕಡಿಮೆ ಮಾಡಿ ಅಂದ್ರೂ ಕೇಳಲ್ಲ. ಸಿಯೋಲ್‌ನ ಸೊಂಗ್ಸು ಶೂ ಮಾಡೋ ಕಾರ್ಖಾನೆಗಳ ಜಾಗ, ಅದು ಫ್ಯಾಶನ್ ಆಗೋಕೆ ಶುರುವಾದಾಗ ಅಲ್ಲಿನ ಸ್ಥಳೀಯ ಆಡಳಿತ 2015ರಲ್ಲೇ ಒಂದು ನಿಯಮ ಮಾಡಿ, ಕಟ್ಟಡದ ಮಾಲೀಕರನ್ನ ಕೂರಿಸಿ, ಬಾಡಿಗೆ ಸಿಕ್ಕಾಪಟ್ಟೆ ಏರಿಸಲ್ಲ ಅಂತ ಒಪ್ಪಂದ ಬರೆಸ್ಕೊಳ್ತು. ಅಷ್ಟರಿಂದ ಬಾಡಿಗೆ ಏರೋದೇ ನಿಂತುಹೋಯ್ತು ಅಂತಲ್ಲ. ಆದ್ರೆ ಕೇಳೋಕೆ ಒಂದು ಕಾಗದ ಇತ್ತು. ನನಗೂ ನನ್ನ ಪಕ್ಕದ ವೆಲ್ಡಿಂಗ್ ಶಾಪಿನೋರಿಗೂ ಅಂಥದ್ದೊಂದು ಬೇಕು. ರಾತ್ರಿ ಒಂಬತ್ತಕ್ಕೆ ಹೊರಗಿನ ಕುರ್ಚಿ ಒಳಗೆ ಹಾಕ್ತೀನಿ, ಇದು ಈಗಲೇ ಬರೆದುಕೊಡ್ತೀನಿ.

ಎರಡನೇ ಕ್ರಾಸ್, ಮೂಲೆ ಮನೆ:
ಥ್ಯಾಂಕ್ಸ್. ನಿಮ್ಮನ್ನ ಎದುರು ಪಾರ್ಟಿ ಅಂತ ನಾವ್ಯಾರೂ ನೋಡಬಾರದು.

ಮೂರನೇ ಕ್ರಾಸ್, ಕಾಲೇಜ್ ಓದೋ ಹುಡುಗಿ:
ನಾನೊಂದು ಹೇಳ್ಲಾ ಆಂಟಿ. ಬರೋರಿಗೆ ನಮ್ಮ ಬೀದಿ ಕತೆ ಹೇಳಿ ದುಡ್ಡು ತಗೊಳ್ತಿರೋದು ಹೊರಗಿನ ಗೈಡ್‌ಗಳು, ಅವರು ಹೇಳೋದರಲ್ಲಿ ಅರ್ಧ ಸುಳ್ಳು, ಇಲ್ಲಿ ಬರೀ ರೌಡಿಗಳೇ ಇದ್ರು ಅನ್ನೋ ಥರ ಹೇಳ್ತಾರೆ, ನಮ್ಮ ತಾತ ಕೂತಿರೋದನ್ನ ಕೈತೋರಿಸಿ ಹೇಳ್ತಾರೆ. ತುಂಬಾ ನೋವಾಗುತ್ತೆ. ಕೊಲಂಬಿಯಾದ ಮೆಡೆಲಿನ್‌ನಲ್ಲಿ ಕೊಮುನಾ 13 ಅಂತ ಗುಡ್ಡದ ಬಡಾವಣೆ ಇದೆ, 2002ರಲ್ಲಿ ಸೇನೆ ಕಾರ್ಯಾಚರಣೆ ನಡೆದ ಜಾಗ, ಅಷ್ಟು ಹಿಂಸೆ ಕಂಡಿದೆ. 2011ರಲ್ಲಿ ಗುಡ್ಡ ಹತ್ತೋಕೆ ಬಯಲಲ್ಲೇ ಎಸ್ಕಲೇಟರ್ ಹಾಕಿದ್ರು, ಅದು ಮೊದಲು ಅಲ್ಲಿನ ಜನ ಓಡಾಡೋಕೆ ಅಂತ ಮಾಡಿದ್ದು, ಪ್ರವಾಸಿಗಳು ಆಮೇಲೆ ಬಂದ್ರು. ಅಲ್ಲಿ ಗೋಡೆ ಚಿತ್ರ ತೋರಿಸಿ ಕತೆ ಹೇಳೋರಲ್ಲಿ ಎಷ್ಟೋ ಜನ ಅಲ್ಲೇ ಬೆಳೆದ ಹುಡುಗರು. ಅಲ್ಲೂ ಈಗ ನೂಕುನುಗ್ಗಲು ಇದೆ, ಇಲ್ಲ ಅನ್ನಲ್ಲ. ಆದ್ರೂ ಕತೆ ನಾವೇ ಹೇಳ್ಬೇಕು, ನಾವೊಂದಷ್ಟು ಜನ ರೆಡಿ ಇದೀವಿ.

ಗೋಡೌನ್ ರಸ್ತೆ, ಹಿರಿಯರು:
ಮಗೂ, ತುಂಬಾ ಒಳ್ಳೇ ಮಾತು. ಅರ್ಜೀಲಿ ಇದನ್ನೂ ಸೇರಿಸ್ಬೇಕು.

ಎರಡನೇ ಕ್ರಾಸ್, ಮೂಲೆ ಮನೆ:
ಹಾಗಾದ್ರೆ ಅರ್ಜಿಗೆ ಇಷ್ಟು ಬರ್ಕೊಂಡೆ: ಗುಂಪು ಕಟ್ಕೊಂಡು ಬರೋರಿಗೆ ಹೊತ್ತು ಗೊತ್ತು ಮಾಡ್ಬೇಕು, ಅದನ್ನ ನೋಡ್ಕೊಳ್ಳೋಕೆ ಜನ ಕೊಡ್ಬೇಕು, ಮನೆಯೋರು ಇಲ್ಲದ ದಿನಬಾಡಿಗೆಗೆ ತಡೆ, ಅಂಗಡಿ ಬಾಡಿಗೆಗೆ ಲಿಖಿತ ಒಪ್ಪಂದ, ಗೈಡ್ ಕೆಲಸ ಮೊದಲು ಇಲ್ಲಿಯೋರಿಗೆ. ಬಾಡಿಗೆಗೆ ಇರೋರ ಸಹಿ ಮೊದಲು ಹಾಕಿಸೋಣ, ಯಾಕಂದ್ರೆ ಮೊದಲು ಜಾಗ ಬಿಡ್ಬೇಕಾಗಿ ಬರೋದು ಅವರೇ, ಮಾಲೀಕರ ಸಹಿ ಮಾತ್ರ ಇದ್ರೆ ಮನೆ ಬೆಲೆ ಕಾಪಾಡ್ಕೊಳ್ಳೋಕೆ ಬಂದಿದಾರೆ ಅಂದ್ಕೊಳ್ತಾರೆ. ಮೆಟ್ಟಿಲ ಬೀದಿ ಸಹಿ ಮೇಲ್ಮನೆಯೋರು ನೋಡ್ಕೊಳ್ಳಿ. ನೀಲಿ ಗೇಟ್ ಅಣ್ಣ, ಬಣ್ಣಕ್ಕೆ ಅಂತ ಇಟ್ಟ ದುಡ್ಡಲ್ಲಿ ಜೆರಾಕ್ಸ್ ಮಾಡಿಸಿ. ರಾತ್ರಿ ಗಲಾಟೆಯ ವಿಡಿಯೋ ಇರೋರು ದಿನಾಂಕ, ಹೊತ್ತು ಹಾಕಿ ನನಗೆ ಕಳಿಸಿ, ಬೇರೆಯವರ ಮುಖ ಇರೋದನ್ನ ಗುಂಪಲ್ಲಿ ಹಾಕ್ಬೇಡಿ.

ಮೊದಲನೇ ಕ್ರಾಸ್, ನೀಲಿ ಗೇಟ್:
ಆಯ್ತಕ್ಕ. ಎಷ್ಟು ಕಾಪಿ ಬೇಕು ಹೇಳಿ, ನಾಳೆ ಬೆಳಗ್ಗೆ ಮಾಡಿಸಿಡ್ತೀನಿ.